ಬಾವಿ ತೋಡುವವನ ಕಡೆಯ ಹಾಳೆಗಳು

ಆಕೆಯನ್ನು ನಮ್ಮ ಗುಂಪಿಗೆ ಕರೆತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಾನು ಪಟ್ಟ ಪಾಡಿಗೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಆಗ ನಾವು ನಾಲ್ಕು ಜನ ಇದ್ದೆವು. ತಿಂಗಳ ಎರಡನೆಯ ಭಾನುವಾರ ವಾಡಿಯಲ್ಲಿ, ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರ ಮನೆಯಲ್ಲಿ ಸೇರುತ್ತಿದ್ದೆವು. ಸೇಡಂನಿಂದ ನಾನು ಪ್ಯಾಸೆಂಜರ್ ಗಾಡಿ ಹತ್ತಿದರೆ ಚಿತ್ತಾಪುರದಲ್ಲಿ ವಕೀಲರು ಅದೇ ಗಾಡಿಗೆ ಹತ್ತುತ್ತಿದ್ದರು. ಶಹಾಬಾದಿನಿಂದ ಔಷಧಿ ಅಂಗಡಿಯವರು ಎದುರು ದಿಕ್ಕಿನಿಂದ ಬಂದಿಳಿಯುತ್ತಿದ್ದರು. ಅವರಿಗೂ ನಮಗೂ ಅನುಕೂಲವಾದ ಊರು ವಾಡಿ ಒಂದೇ. ಆ ತಿಂಗಳು ಓದಿದ್ದರಲ್ಲಿ ಒಂದು ಪುಸ್ತಕದ ಬಗ್ಗೆ ಪ್ರತಿಯೊಬ್ಬರೂ ಹೇಳಬೇಕು, ಉಳಿದವರು ಅದನ್ನು ಓದಬೇಕೋ ಬೇಡವೋ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು, ಇಷ್ಟೇ ನಮ್ಮ ನಿಯಮ.

ವಕೀಲರು ಜೀವನಚರಿತ್ರೆ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಔಷಧಿ ಅಂಗಡಿಯವರು ಕವಿತೆಯ ಮನುಷ್ಯ, ಅವರ ಕಣ್ಣು ಬೇಗ ತುಂಬಿಬರುತ್ತಿತ್ತು. ಮಾಸ್ತರರು ಪ್ರವಾಸದ ಪುಸ್ತಕಗಳನ್ನೇ ಓದುತ್ತಿದ್ದರು. ಮೂವತ್ತು ವರ್ಷ ಬೇರೆಯವರ ಪ್ರಯಾಣಕ್ಕೆ ಹಸಿರು ಬಾವುಟ ತೋರಿಸಿದ್ದಾಯಿತು, ಈಗ ನಾನು ತಿರುಗುತ್ತೇನೆ ಎನ್ನುತ್ತಿದ್ದರು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಕಥೆ, ಕಾದಂಬರಿ ನನ್ನ ಪಾಲು. ಓದಿದ ಪ್ರತಿ ಪುಸ್ತಕಕ್ಕೂ ಒಂದು ನೋಟುಪುಸ್ತಕದಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಬರೆದಿಡುವ ರೂಢಿ ನನಗಿತ್ತು. ಎಂಬತ್ತು ದಾಟಿದ್ದನ್ನು ಮಾತ್ರ ವಾಡಿಗೆ ಒಯ್ಯುತ್ತಿದ್ದೆ. ನಾನು ಹೇಳಿ ಮುಗಿಸುತ್ತಲೇ ಮೂವರೂ ಆ ಪುಸ್ತಕಕ್ಕೆ ಕೈಚಾಚುತ್ತಿದ್ದರು. ಆ ಮೂರು ಕೈಗಳನ್ನು ನೋಡುವುದಕ್ಕಾಗಿಯೇ ನಾನು ತಿಂಗಳಿಡೀ ಓದುತ್ತಿದ್ದೆನೇನೋ ಎಂದು ಈಗ ಅನ್ನಿಸುತ್ತದೆ.

ನನ್ನ ಹೆಸರು ನಿಂತಿದ್ದದ್ದು ಒಂದು ಹಳೆಯ ಕಾದಂಬರಿಯ ಮೇಲೆ. ಅದಕ್ಕೆ ರಟ್ಟು ಇರಲಿಲ್ಲ, ಮೊದಲ ಪುಟ ಇರಲಿಲ್ಲ. ಹೀಗಾಗಿ ಅದರ ಹೆಸರೂ ಬರೆದವರ ಹೆಸರೂ ನನಗೆ ಗೊತ್ತಿಲ್ಲ. ನನ್ನ ತಂದೆ ದಂಡೋತಿಯವರು, ಶಹಾಬಾದಿನ ಕಲ್ಲಿನ ಗಣಿಗಳಲ್ಲಿ ದುಡಿದವರು. ಅವರು ಓದಿದ್ದು ಮೂರನೇ ಇಯತ್ತೆ ಮಾತ್ರ. ಆದರೆ ರದ್ದಿ ಅಂಗಡಿಯ ಮುಂದೆ ಹಾದರೆ ಒಳಗೆ ಹೋಗಿ ಒಂದಾದರೂ ಪುಸ್ತಕ ಹೆಕ್ಕದೆ ಬರುತ್ತಿರಲಿಲ್ಲ. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಒಂದು ಕಪಾಟಿನಷ್ಟು ಪುಸ್ತಕಗಳಿದ್ದವು. ಅವನ್ನೆಲ್ಲ ನಾನು ಎರಡೆರಡು ಸಲ ಓದಿ ಮುಗಿಸಿದ್ದೆ. ಆಗ ತಂದೆ ತಂದುಕೊಟ್ಟದ್ದು ಈ ಕಾದಂಬರಿ.

ಅದು ಬಾವಿ ತೋಡುವವನೊಬ್ಬನ ಕಥೆ. ಪರ ಊರಿನವನು. ನೀರು ಸಿಕ್ಕ ದಿನ ಕೂಲಿ ತೆಗೆದುಕೊಂಡು ಊರು ಬಿಡಬೇಕು ಎಂಬುದು ಕರಾರು. ಅಷ್ಟರಲ್ಲಿ ಮಣ್ಣು ಹೊರಲು ಬರುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಅವನಿಗೆ ಮನಸ್ಸಾಗುತ್ತದೆ. ಆಮೇಲೆ ಅವನು ನಿಧಾನವಾಗಿ ಅಗೆಯತೊಡಗುತ್ತಾನೆ. ಊರಿಗೆ ನೀರು ಬೇಕು, ಅವನಿಗೆ ನೀರು ಬೇಡ. ಇಡೀ ಕಾದಂಬರಿ ಹೀಗೆ ಇಂಚಿಂಚಾಗಿ ಕೆಳಗೆ ಇಳಿಯುತ್ತದೆ. ಅದನ್ನು ವಾಡಿಯಲ್ಲಿ ಹೇಳಿದ ದಿನ ಮಾಸ್ತರರ ಮನೆಯಲ್ಲಿ ಚಹಾ ಆರಿಹೋಯಿತು. ಕಡೆಯಲ್ಲಿ ನೀರು ಒಮ್ಮೆಲೇ ನುಗ್ಗಿ ಬರುತ್ತದೆ, ಅವನು ಮೇಲೆ ಬರುವುದಿಲ್ಲ, ಮಣ್ಣು ಹೊರುವವಳು ಖಾಲಿ ಬುಟ್ಟಿ ಹಿಡಿದು ಬಾವಿಯ ಅಂಚಿನಲ್ಲಿ ನಿಂತಿರುತ್ತಾಳೆ ಎಂದು ಹೇಳಿ ಮುಗಿಸಿದೆ. ಔಷಧಿ ಅಂಗಡಿಯವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪುಸ್ತಕ ಹರಿದುಹೋಗುವ ಸ್ಥಿತಿಯಲ್ಲಿದೆ ಎಂದು ನಾನು ಅದನ್ನು ಯಾರಿಗೂ ಕೊಡಲಿಲ್ಲ, ಅವರೂ ಒತ್ತಾಯಿಸಲಿಲ್ಲ.

ಪುಸ್ತಕದ ಕಡೆಯ ಹಾಳೆಗಳೂ ಇರಲಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಕೊನೆಯನ್ನು ಕಟ್ಟಿದವಳು ನಾನು.

ಹೀಗಿರುವಾಗ ಒಂದು ಭಾನುವಾರ ಸೇಡಂ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಓದುತ್ತಾ ಕುಳಿತಿದ್ದಳು. ಮೂವತ್ತೈದರ ಆಸುಪಾಸು, ಸೀರೆಯ ಅಂಚಿನಲ್ಲಿ ಹಿಟ್ಟಿನ ಬಿಳುಪು. ಗಾಡಿ ಬಂದು ನಿಂತರೂ ಪುಟ ಮುಗಿಸಿಯೇ ಎದ್ದಳು. ನಾನು ಪಕ್ಕದಲ್ಲಿ ಕುಳಿತು ಮಾತಿಗೆಳೆದೆ. ಚಿಂಚೋಳಿ ತಾಲೂಕಿನ ಐನಾಪುರದವಳು. ಗಂಡನೊಂದಿಗೆ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಚಿಂಚೋಳಿಗೆ ರೈಲಿಲ್ಲವಾದ್ದರಿಂದ ಬಸ್ಸಿನಲ್ಲಿ ಸೇಡಂಗೆ ಬಂದು, ವಾಡಿಯಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದಳು. ಗಿರಣಿಯಲ್ಲಿ ಕರೆಂಟ್ ಹೋದಾಗ ಬೀಸಲು ಬಂದ ಹೆಂಗಸರು ಸುಮ್ಮನೆ ಕುಳಿತಿರುತ್ತಾರೆ, ಅವರಿಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳುತ್ತೇನೆ ಎಂದಳು. ನನಗೆ ಭಾರೀ ಖುಷಿಯಾಯಿತು. ಹೊಲದ ಬದುವಿನಲ್ಲಿ ನಾಣ್ಯ ಸಿಕ್ಕವರ ಹಾಗೆ ಆಕೆಯನ್ನು ನೇರ ಮಾಸ್ತರರ ಮನೆಗೆ ಕರೆದೊಯ್ದೆ. ಉಳಿದವರಿಗೆ ಪರಿಚಯಿಸುವಾಗ ನನ್ನ ದನಿಯಲ್ಲಿ ಒಂದು ಯಜಮಾನಿಕೆ ಇತ್ತು.

ಆಕೆಗೆ ನಮ್ಮ ಹಾಗೆ ವಿಮರ್ಶೆ ಮಾಡಲು ಬರುತ್ತಿರಲಿಲ್ಲ. ಕಥೆಯನ್ನು ಕೇಳುಗರ ಮೂಲಕ ಹೇಳುತ್ತಿದ್ದಳು. ಇಂಥ ಕಡೆ ಬಂದಾಗ ಇಂಥವಳು ಎದ್ದುಹೋದಳು, ಇಂಥ ಕಡೆ ಹೋದವಳು ತಿರುಗಿ ಬಂದಳು, ಹಿಟ್ಟಿನ ಡಬ್ಬಿ ತಲೆಯ ಮೇಲೆ ಹೊತ್ತು ಹೊರಟವಳೊಬ್ಬಳು ಕಥೆಯ ಮಾವ ಬಾಗಿಲು ಮುಚ್ಚಿದ್ದು ಕೇಳಿ ಡಬ್ಬಿ ಇಳಿಸಲೂ ಮರೆತು ಹೊಸ್ತಿಲಲ್ಲೇ ನಿಂತಳು. ಬೇಸರ ಬಂದರೆ ಎದ್ದುಹೋಗುವ ಜನರ ಮುಂದೆ ಓದಿ ಓದಿ ಆಕೆಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು. ಸರಿಯಾಗಿ ಅಲ್ಲಿ ನಿಲ್ಲಿಸಿ, ಮುಂದಿಂದು ನೀವೇ ಓದ್ರಿ ಎಂದು ಸುಮ್ಮನಾದಳು. ಆ ದಿನ ಮೂರು ಕೈಗಳೂ ಆಕೆಯ ಪುಸ್ತಕದ ಕಡೆಗೆ ಹೋದವು. ನನ್ನ ಪುಸ್ತಕಕ್ಕೆ ಎಂಬತ್ತೇಳು ಅಂಕವಿತ್ತು. ಅದನ್ನು ಹಾಗೆಯೇ ಚೀಲದಲ್ಲಿಟ್ಟುಕೊಂಡು ಸೇಡಂಗೆ ಮರಳಿದೆ.

ಮೊದಲ ತಿಂಗಳು ಹೊಸಬಳೆಂಬ ಮರ್ಯಾದೆ ಅಂದುಕೊಂಡೆ. ಎರಡನೆಯ ತಿಂಗಳೂ ಹಾಗೆಯೇ ಆಯಿತು. ಮೂರನೆಯ ತಿಂಗಳು ವಕೀಲರು ಕಾದಂಬರಿ ಓದತೊಡಗಿದರು. ನಾನು ಆರು ವರ್ಷ ಹೇಳಿ ಸೋತಿದ್ದ ಕೆಲಸ ಅದು. ನನಗೆ ಹೊಟ್ಟೆಕಿಚ್ಚು ಎಂದು ಆಗಲೇ ಒಪ್ಪಿಕೊಳ್ಳಬಹುದಿತ್ತು. ಬದಲಿಗೆ ನಾನು ಆಕೆಯ ಉಚ್ಚಾರ ತಿದ್ದಿದೆ. ಎಲ್ಲರ ಎದುರಿಗೆ ಒಂದು ಮಹಾಪ್ರಾಣವನ್ನು ಎತ್ತಿ ತೋರಿಸಿದೆ. ಆಕೆ ಆ ಶಬ್ದವನ್ನು ಎರಡು ಸಲ ಹೇಳಿ ಸರಿಮಾಡಿಕೊಂಡು, ಹಿಂಗ ಹೇಳಿಕೊಡೋರು ನನಗ ಯಾರೂ ಇರಲಿಲ್ಲ ಎಂದು ನನಗೆ ಕೈಮುಗಿದಳು. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

ಮುಂದಿನ ತಿಂಗಳು ಗಾಡಿಯಲ್ಲಿ ಬೇರೆ ಡಬ್ಬಿ ಹತ್ತಿದೆ. ಆಕೆ ಮುಂದಿನ ಸ್ಟೇಷನ್ ಮಳಖೇಡದಲ್ಲಿ ಇಳಿದು, ಕಿಟಕಿಗಳಲ್ಲಿ ಇಣುಕುತ್ತಾ ಬಂದು ನನ್ನ ಪಕ್ಕದಲ್ಲೇ ಕುಳಿತಳು.

ಇದಕ್ಕಿಂತ ದೊಡ್ಡ ಏಟು ಮನೆಯೊಳಗೆ ಬಿತ್ತು. ನಮ್ಮ ಗುಂಪಿಗೆ ವಾಟ್ಸಾಪ್ ಇತ್ತು. ನಾನು ಅದರಲ್ಲಿ ಪುಸ್ತಕಗಳ ಬಗ್ಗೆ ಅಚ್ಚುಕಟ್ಟಾಗಿ ಬರೆದು ಹಾಕುತ್ತಿದ್ದೆ. ಆಕೆ ಬರೆಯುತ್ತಿರಲಿಲ್ಲ, ದನಿಯನ್ನೇ ಕಳಿಸುತ್ತಿದ್ದಳು. ಒಂದು ಮುಂಜಾನೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ, ಆಕೆ ಒಂದು ಕಾದಂಬರಿಯ ಬಗ್ಗೆ ಕಳಿಸಿದ್ದ ದನಿ ಕೇಳುತ್ತಿದ್ದೆ. ನನ್ನ ಗಂಡ ಭೂಮಾಪಕರು, ಹೊಲಗಳ ಗಡಿ ಅಳೆಯುವ ಕೆಲಸ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಒಂದು ಪುಸ್ತಕವನ್ನೂ ಓದಿರಲಿಲ್ಲ. ನಾನು ಕೈಗಿತ್ತವನ್ನು ಎದೆಯ ಮೇಲೆ ಇಟ್ಟುಕೊಂಡು ನಿದ್ದೆ ಹೋಗಿದ್ದರು. ಅಂದು ಮುಖಕ್ಕೆ ಸಾಬೂನು ಹಚ್ಚಿಕೊಂಡು, ಬ್ಲೇಡು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದರು. ದನಿ ಮುಗಿಯಿತು. ಸಾಬೂನು ಕೆನ್ನೆಯ ಮೇಲೆ ಒಣಗಿತ್ತು.

“ಆ ಪುಸ್ತಕ ನಮ್ಮ ಮನ್ಯಾಗ ಅದೇನು?” ಎಂದರು.

ಇಲ್ಲ ಎಂದೆ. ಇತ್ತು.

ಆ ಭಾನುವಾರವೇ ಗಾಡಿಯಲ್ಲಿ ಆಕೆ ಬಾವಿ ತೋಡುವವನ ಪುಸ್ತಕ ಕೇಳಿದಳು. ಮಾಸ್ತರರು ಅದರ ಕಥೆ ಹೇಳಿದ್ದರಂತೆ. ಗಿರಣಿಯ ಹೆಂಗಸರಿಗೆ ಓದಿ ಹೇಳಬೇಕು, ಜೋಪಾನ ಮಾಡಿ ತಿರುಗಿ ಕೊಡ್ತೀನಿ ಎಂದಳು. ಕಡೆಯ ಹಾಳೆಗಳ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಕಥೆಯನ್ನು ಆಕೆ ನನಗಿಂತ ಚೆನ್ನಾಗಿ ಹೇಳುತ್ತಾಳೆ ಎಂಬುದು ನನಗೆ ಖಚಿತವಿತ್ತು. ಪುಸ್ತಕ ಬೀಗರ ಮನೆಗೆ ಹೋಗಿದೆ, ಅವರು ತಿರುಗಿ ಕೊಡುವ ಜನವಲ್ಲ ಎಂದು ಹೇಳಿಬಿಟ್ಟೆ. ಆಕೆ ನನಗಿಂತ ಹೆಚ್ಚು ನೊಂದುಕೊಂಡಳು. ಅಂಥಾ ಪುಸ್ತಕ ಯಾಕ ಕೊಟ್ರಿ ಎಂದು ಚಿತ್ತಾಪುರ ಬರುವತನಕ ನನ್ನನ್ನೇ ಸಮಾಧಾನ ಮಾಡಿದಳು.

ಎರಡು ತಿಂಗಳು ಕಳೆದವು. ಒಂದು ಭಾನುವಾರ ಹಳಿಯ ಕೆಲಸ ನಡೆದು ಗಾಡಿ ಮೂರು ತಾಸು ತಡ ಎಂದರು. ಸ್ಟೇಷನ್ನಿಗೆ ನನ್ನನ್ನು ಬಿಡಲು ಬಂದಿದ್ದ ಗಂಡ, ಬಿಸಿಲಿನಲ್ಲಿ ಯಾಕೆ ಕುಳಿತುಕೊಳ್ಳುವುದು, ಮನೆಗೆ ಬರ್ರಿ ಎಂದು ಆಕೆಯನ್ನೂ ಕರೆದರು. ಕರೆಯುವ ಉತ್ಸಾಹದಲ್ಲಿ, ನಿಮ್ಮ ದನಿ ನಾ ಭಾಳ ಕೇಳ್ತೀನಿ ಎಂದೂ ಸೇರಿಸಿದರು. ನಾನು ಚಹಾ ಇಡಲು ಒಳಗೆ ಹೋದೆ. ಹೊರಗೆ ಆಕೆ ಅಲಮಾರಿಯ ಪುಸ್ತಕ ನೋಡುತ್ತಾ, ಇಷ್ಟೆಲ್ಲ ಇದ್ದರೂ ಆ ಬಾವಿಯ ಪುಸ್ತಕ ಬೀಗರ ಪಾಲಾಗಿದ್ದು ಕೆಟ್ಟದಾಯಿತು ಎನ್ನುತ್ತಿದ್ದದ್ದು ಕೇಳಿಸಿತು. ನಾನು ಸಕ್ಕರೆ ಡಬ್ಬಿ ಅಲ್ಲೇ ಇಟ್ಟು ಹೊರಗೆ ಬರುವಷ್ಟರಲ್ಲಿ ತಡವಾಗಿತ್ತು.

“ಬೀಗರ ಮನಿಗ್ಯಾ?” ಎಂದರು ನನ್ನ ಗಂಡ. “ಮಾವನೋರು ಕೊಟ್ಟಿದ್ದು ಇಲ್ಲೇ ಅದಲ್ಲ. ಹೋದ ವಾರ ಅಲಮಾರಿ ಝಾಡಿಸುವಾಗ ನಾನೇ ತೆಗೆದು ಮ್ಯಾಲ ಇಟ್ಟೀನಿ.”

ಸ್ಟೂಲು ಹತ್ತಿ, ಹಳೆಯ ದುಪ್ಪಟ್ಟಾದಲ್ಲಿ ಸುತ್ತಿಟ್ಟ ಪುಸ್ತಕವನ್ನು ಇಳಿಸಿ ಆಕೆಯ ಕೈಗೆ ಕೊಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆಕೆ ನನ್ನ ಮುಖ ನೋಡಿದಳು. ಆ ಕ್ಷಣ ಎಲ್ಲವೂ ಆಕೆಗೆ ತಿಳಿಯಿತು, ಅದು ನನಗೂ ತಿಳಿಯಿತು.

“ತಿರುಗಿ ಬಂತಂದ್ರ ಚಲೋ ಆತು ಬಿಡ್ರಿ,” ಎಂದಳು ಆಕೆ, ನನ್ನ ಗಂಡನ ಕಡೆ ತಿರುಗಿ. “ಅಕ್ಕೋರು ನನಗ ಹೇಳೋದು ಮರತಿರಬೇಕು.”

ಒಯ್ಯಲೇ ಎಂದು ನನ್ನನ್ನು ಕೇಳಿದಳು. ಬೇಡ ಎನ್ನಲು ಯಾವ ಕಾರಣವೂ ಉಳಿದಿರಲಿಲ್ಲ. ಅಂದು ವಾಡಿಯವರೆಗೆ ಆಕೆ ದುಪ್ಪಟ್ಟಾ ಗಂಟು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಆಮೇಲಿನ ದಿನಗಳು ಬಹಳ ಉದ್ದವಾಗಿದ್ದವು. ಮೊಬೈಲ್ ಸದ್ದಾದರೆ ಆಕೆಯದೇ ಏನೋ ಎಂದು ಓಡಿಹೋಗಿ ನೋಡುತ್ತಿದ್ದೆ. ಮೂರನೆಯ ವಾರ, ಶಾಲೆ ಬಿಟ್ಟು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಮನೆಗೆ ಬರುತ್ತಿದ್ದಾಗ ಆಕೆಯ ಫೋನು ಬಂತು. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು.

“ಅಕ್ಕೋರೆ, ಕರೆಂಟ್ ಹೋಗ್ಯಾದ, ಹನ್ನೆರಡು ಮಂದಿ ಕುಂತಾರ. ಪುಸ್ತಕದ ಕಡೀ ಹಾಳಿ ಇಲ್ರಿ. ನೀವು ಹೇಳಿದ್ದು ಮಾಸ್ತರರ ಬಾಯಿಂದ ಕೇಳೀನಿ, ಖರೆ ನಿಮ್ಮ ಬಾಯಿಲೇ ಹೇಳ್ರಿ. ಸ್ಪೀಕರ್ ಹಚ್ಚೀನಿ.”

ಆಕೆಯ ದನಿಯಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ರಸ್ತೆಯ ಬದಿಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತು ಹೇಳಿದೆ. ನುಗ್ಗಿ ಬರುವ ನೀರು, ಮೇಲೆ ಬಾರದ ಮನುಷ್ಯ, ಖಾಲಿ ಬುಟ್ಟಿ, ಎಲ್ಲವನ್ನೂ ಹೇಳಿದೆ. ವಾಡಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಬೇಕೆಂದು ನನ್ನ ಶಕ್ತಿಯನ್ನೆಲ್ಲ ಹಾಕಿದೆ. ಮುಗಿಸಿದಾಗ ಆ ಕಡೆ ಸದ್ದೇ ಇಲ್ಲ. ನನಗೆ ಗೆದ್ದಂತೆನ್ನಿಸಿತು. ಅಷ್ಟರಲ್ಲಿ ದೂರದಿಂದ ಒಂದು ಮುದಿ ದನಿ ಬಂತು.

“ಯಾಕ ಸಾಯ್ತಾನ ಅವ? ನೀರು ಬಂದ್ರ ಕೆಲಸ ಮುಗೀತೇನು? ಮೆಟ್ಟಿಲಾ ಕಟ್ಟೋರು ಯಾರು? ಇಳಿಲಾಕ ಮೆಟ್ಟಿಲಾ ಇಲ್ಲದ ಬಾವಿ ಯಾವ ಊರಾಗ ಅದ? ಇನ್ನೊಂದು ವರ್ಷ ಬೇಕು ಅವಂಗ.”

ಹೆಂಗಸರೆಲ್ಲ ನಕ್ಕರು. ಬರೋಬರ್, ಬರೋಬರ್ ಎಂದರು. ಮೆಟ್ಟಿಲಿನ ಕಲ್ಲು ಎಲ್ಲಿಂದ ತರಬೇಕು, ಎಷ್ಟು ಮೆಟ್ಟಿಲು, ಆ ಹೆಂಗಸು ಸುಣ್ಣ ಕಲಸುತ್ತಾಳೋ ಕಲ್ಲು ಹೊರುತ್ತಾಳೋ ಎಂದು ತಮ್ಮತಮ್ಮಲ್ಲೇ ಕಥೆ ಮುಂದುವರಿಸಿದರು. ನಾನು ಫೋನು ಕಿವಿಗೆ ಹಿಡಿದೇ ಇದ್ದೆ, ನನ್ನನ್ನು ಎಲ್ಲರೂ ಮರೆತಿದ್ದರು. ಆಮೇಲೆ ಕರೆಂಟ್ ಬಂತು, ಗಿರಣಿಯ ಪಟ್ಟಿ ತಿರುಗತೊಡಗಿತು, ಏನೂ ಕೇಳಿಸದಾಯಿತು.

ಮನೆಗೆ ಬಂದು ಉತ್ತರಪತ್ರಿಕೆ ಹರಡಿಕೊಂಡು ಕುಳಿತೆ. ಒಂದನ್ನೂ ತಿದ್ದಲಾಗಲಿಲ್ಲ. ಮೂವತ್ತೈದು ವರ್ಷ ಆ ಪುಸ್ತಕ ನನ್ನ ಹತ್ತಿರ ಇತ್ತು. ಕಲ್ಲು ಒಡೆಯುವವನ ಮಗಳು ನಾನು. ಮೆಟ್ಟಿಲು ನನಗೆ ಹೊಳೆಯಲಿಲ್ಲ. ಓದು ಬರೆಹ ಬಾರದ ಒಬ್ಬ ಮುದುಕಿಗೆ ಹಿಟ್ಟಿಗೆ ಕಾಯುತ್ತಾ ಕುಳಿತಲ್ಲಿ ಹೊಳೆಯಿತು. ಅಂದಿನ ಹೊಟ್ಟೆಕಿಚ್ಚು ಎಷ್ಟಿತ್ತೆಂದರೆ, ಆ ಮುದುಕಿಯ ಮೇಲೆ ಕಿಚ್ಚೋ ಓದಿ ಹೇಳಿದವಳ ಮೇಲೋ ಬೇರ್ಪಡಿಸಿ ನೋಡಲೂ ಆಗಲಿಲ್ಲ.

ಮುಂದಿನ ಸಭೆಗೆ ನನಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ನನ್ನ ಬೆನ್ನ ಹಿಂದೆ ಏನು ಮಾತಾಗುತ್ತದೋ ಎಂಬ ಅಂಜಿಕೆಗೆ ಹೋದೆ. ಆಕೆ ಅಂದು ಅಕ್ಕನ ಮನೆಯಿಂದ ನೇರ ಬಂದು ಮೊದಲೇ ಕುಳಿತಿದ್ದಳು. ಪುಸ್ತಕ ಮಾಸ್ತರರ ಮೇಜಿನ ಮೇಲಿತ್ತು. ಔಷಧಿ ಅಂಗಡಿಯವರು ಅದನ್ನು ಕೈಗೆತ್ತಿಕೊಂಡು ನೇರ ಕೊನೆಯ ಭಾಗಕ್ಕೆ ಹೋದರು. ಅವರನ್ನು ಅಳಿಸಿದ ಪುಟವನ್ನು ಕಣ್ಣಾರೆ ನೋಡಬೇಕಿತ್ತು. ಹಾಳೆಗಳು ಇರಲಿಲ್ಲ.

“ಅವು ನಮ್ಮ ಗಿರಣ್ಯಾಗ ಹೋದ್ವು ರಿ,” ಎಂದಳು ಆಕೆ. “ಹೊಲಿಗಿ ಬಿಚ್ಚಿತ್ತು, ಗಾಳಿಗಿ ಹಾರಿದ್ವು. ತಪ್ಪು ನಂದು.”

ಔಷಧಿ ಅಂಗಡಿಯವರು ಸಿಟ್ಟಾದುದನ್ನು ನಾನು ಅಂದೇ ಮೊದಲು ನೋಡಿದ್ದು. ಇನ್ನೊಂದು ಪ್ರತಿ ಎಲ್ಲೂ ಸಿಗದ ಪುಸ್ತಕ, ಹಿಟ್ಟಿನ ಧೂಳಿನಲ್ಲಿ ಹೆಂಗಸರ ಗದ್ದಲದಲ್ಲಿ ಇಂಥದನ್ನು ಬಿಚ್ಚುವುದೇ ತಪ್ಪು, ಪುಸ್ತಕದ ಬೆಲೆ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಹೀಗೇ ಎಂದರು. ವಕೀಲರೂ ತಲೆಯಾಡಿಸಿದರು. ಆಕೆ ನೆಲ ನೋಡುತ್ತಾ ಕುಳಿತಿದ್ದಳು.

ನಾನು ಸುಮ್ಮನಿದ್ದೆ. ಗಾಬರಿಯಿಂದ ಅಲ್ಲ. ನನಗೆ ಸುಖವಾಗುತ್ತಿತ್ತು. ಏಳು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಆಕೆ ಕೆಳಗೆ, ನಾನು ಮೇಲೆ ಇದ್ದೆ. ಮಾಸ್ತರರ ಹೆಂಡತಿ ತಂದ ಚಹಾ ಕುಡಿದೆ, ಒಂದು ಬಿಸ್ಕತ್ತನ್ನೂ ತಿಂದೆ. ಅಷ್ಟು ಹೊತ್ತು ಆ ಸುಖವನ್ನು ಸವಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಇನ್ನು ಮುಂದೆ ಗಿರಣಿಗೆ ಯಾರೂ ತಮ್ಮ ಪುಸ್ತಕ ಕೊಡುವುದು ಬೇಡ ಎಂದರು ಔಷಧಿ ಅಂಗಡಿಯವರು. ಆಕೆ ಆಗಲಿ ಎಂದು ತಲೆಯಾಡಿಸಿದಳು. ಆ ಒಪ್ಪಿಗೆ ನನ್ನನ್ನು ಚುಚ್ಚಿತು. ಹನ್ನೆರಡು ಹೆಂಗಸರ ಓದನ್ನು ಆಕೆ ನನ್ನ ಮಾನಕ್ಕಾಗಿ ಬಿಟ್ಟುಕೊಡುತ್ತಿದ್ದಳು. ಈ ದೊಡ್ಡತನದಲ್ಲೂ ಈಕೆ ನನಗಿಂತ ಮುಂದೆ ಹೋಗಬಾರದು ಎಂಬ ಹಟವೂ ಒಳಗೆ ಎದ್ದಿರಬಹುದು. ಕಪ್ಪು ಕೆಳಗಿಟ್ಟೆ.

“ಆ ಹಾಳಿ ನಮ್ಮ ಮನ್ಯಾಗೂ ಇರಲಿಲ್ಲ,” ಎಂದೆ. “ನಾ ಅದನ್ನ ಓದೇ ಇಲ್ಲ. ಕಡೀದು ನಾನೇ ಕಟ್ಟಿ ಹೇಳೀನಿ. ಪುಸ್ತಕ ಬೀಗರ ಮನ್ಯಾಗ ಅದ ಅಂತ ಈಕಿಗಿ ಹೇಳಿದ್ದೂ ಸುಳ್ಳು.”

ಔಷಧಿ ಅಂಗಡಿಯವರು ಪುಸ್ತಕ ಮೇಜಿನ ಮೇಲಿಟ್ಟರು.

“ಹಂಗಾರ ನಾ ಅತ್ತಿದ್ದು ನಿಮ್ಮ ಕಥಿಗಿ ಅಂದಂಗಾಯ್ತು,” ಎಂದರು. ಅವರು ಬೈದರೋ ಹೊಗಳಿದರೋ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಆಕೆಯ ಕಡೆ ತಿರುಗಿ ತಪ್ಪಾಯಿತು ಎಂದರು. ಅವರು ನನ್ನೊಂದಿಗೆ ಸರಿಯಾಗಿ ಮಾತಾಡಲು ಮೂರು ತಿಂಗಳು ಹಿಡಿಯಿತು. ವಕೀಲರು, ಇಂಥ ತಪ್ಪೊಪ್ಪಿಗೆ ತಮ್ಮ ಕಕ್ಷಿದಾರರಿಂದ ಒಮ್ಮೆಯೂ ಬಂದಿಲ್ಲ ಎಂದರು. ಮಾಸ್ತರರು ಮಾತ್ರ, ಗಿರಣಿಯ ಹೆಂಗಸರು ಕೊನೆಗೆ ಏನು ಹೇಳಿದರು ಎಂದು ಆಕೆಯನ್ನು ಕೇಳಿದರು. ಆಕೆ ನನ್ನ ಕಡೆ ನೋಡಿದಳು. ಮೆಟ್ಟಿಲಿನ ಮಾತನ್ನು ನಾನೇ ಹೇಳಬೇಕಾಯಿತು. ಹೇಳಿದೆ. ಔಷಧಿ ಅಂಗಡಿಯವರು ಈ ಸಲ ಅಳಲಿಲ್ಲ, ತೊಡೆ ತಟ್ಟಿ ನಕ್ಕರು. ಆ ನಗೆ ನನ್ನ ಕಥೆಗೆ ಬಂದದ್ದಲ್ಲ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಬರೆದುಕೊಂಡೆ.

ಮರಳಿ ಬರುವಾಗ ಗಾಡಿಯಲ್ಲಿ ಆಕೆಯನ್ನು ಕೇಳಿದೆ, ನನ್ನ ಸಲುವಾಗಿ ಯಾಕೆ ಸುಳ್ಳು ಹೇಳಿದಿ ಎಂದು. ಕಡೆಯ ಹರಕು ಬಹಳ ಹಳೆಯದೆಂದು ಕಂಡಾಗಲೇ, ಆ ಕೊನೆಯನ್ನು ಕಟ್ಟಿದವಳು ನಾನೇ ಎಂದು ತಿಳಿದು ಆಕೆಗೆ ನನ್ನ ಮೇಲೆ ಹೊಟ್ಟೆಕಿಚ್ಚಾಗಿತ್ತಂತೆ. ತನಗೆ ಬೇರೆಯವರು ಬರೆದದ್ದನ್ನು ಓದಲು ಮಾತ್ರ ಬರುತ್ತದೆ, ಒಂದು ಸಾಲನ್ನೂ ತಾನಾಗಿ ಕಟ್ಟಲು ಬರುವುದಿಲ್ಲ ಎಂದಳು. ಆ ಕಿಚ್ಚಿಗೆ ನಾಚಿ ಹಾಗೆ ಹೇಳಿದೆ ಎಂದಳು. ಒಂದು ಸಣ್ಣ ಸಮಾಧಾನ ಆಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಇದೆಲ್ಲ ಆಗಿ ಒಂದು ವರ್ಷವಾಯಿತು. ಆಕೆ ಈಗಲೂ ಬರುತ್ತಾಳೆ, ನಾವು ಒಂದೇ ಡಬ್ಬಿಯಲ್ಲಿ ಕುಳಿತು ಹೋಗುತ್ತೇವೆ. ನನ್ನ ಗಂಡ ಎರಡು ಕಾದಂಬರಿ ಮುಗಿಸಿದ್ದಾರೆ, ಎರಡೂ ಆಕೆ ಹೇಳಿದವು. ನನ್ನ ಮತ್ಸರ ಹೋಯಿತೆಂದು ಬರೆದರೆ ಅದು ಇನ್ನೊಂದು ಕಟ್ಟುಕಥೆಯಾಗುತ್ತದೆ. ಹೋದ ತಿಂಗಳು ಆಕೆ ಒಂದು ಹೊಸ ಪುಸ್ತಕ ಹೇಳಿದಳು. ತಪ್ಪು ಹುಡುಕಲೆಂದೇ ಪೆನ್ಸಿಲ್ ಹಿಡಿದು ಎರಡು ದಿನದಲ್ಲಿ ಓದಿದೆ. ಒಳ್ಳೆಯ ಪುಸ್ತಕ. ತೊಂಬತ್ತೊಂದು ಕೊಟ್ಟೆ. ಅದನ್ನು ಗುಂಪಿನಲ್ಲಿ ಬರೆದು ತಿಳಿಸಲು ನನಗೆ ಮೂರು ದಿನ ಹಿಡಿಯಿತು.